ಒಂದು ಗೇಣು ಬಲಕ್ಕೆ

ತಾಯಪ್ಪನ ಮುತ್ತಜ್ಜ ಜಡೆಪ್ಪ ನಾಯಕ. ದೇವದುರ್ಗದಿಂದ ಕೃಷ್ಣೆಯ ಕಡೆಗೆ ಎರಡು ಹರದಾರಿ ನಡೆದರೆ ಸಿಗುವ ಹಳ್ಳಿಯವನು. ಬತ್ತಿ ಹಚ್ಚಿ ಸುಡುವ ಬಂದೂಕಿನ ಕಾಲದಲ್ಲಿ, ಕುರಿಹಟ್ಟಿಗೆ ಬೀಳುತ್ತಿದ್ದ ಗುಡ್ಡದ ಚಿರತೆಯನ್ನು ಒಂದೇ ಗುಂಡಿಗೆ ಮಲಗಿಸಿದವನು. ಒಂದೇ ಗುಂಡು ಯಾಕೆ ಅಂದರೆ, ಎರಡನೆಯದಕ್ಕೆ ಮದ್ದು ತುಂಬುವಷ್ಟರಲ್ಲಿ ಚಿರತೆ ನಮ್ಮನ್ನೇ ತುಂಬಿಕೊಂಡಿರುತ್ತದೆ. ಜಡೆಪ್ಪನ ಮಗ ಹುಲಿಗೆಪ್ಪ. ನಿಜಾಮರ ಆಳಿಕೆಯ ಕೊನೆಯ ವರ್ಷ ಊರ ನಡುವಿನ ಕಾವಲು ಬುರುಜಾದ ಹುಡೇವಿನ ಮೇಲೆ ಹದಿನೇಳು ದಿನ ಕಾವಲು ಕೂತವನು. ಕೊಳ್ಳಿ ಹಿಡಿದು ಬಂದವನ ಎದೆಗೆ ಹೊಡೆಯದೆ ಕೈಯೊಳಗಿನ ಕೊಳ್ಳಿಗೇ ಹೊಡೆದ ಎಂದು ಆ ಊರಿನ ಮುದುಕರು ಹೇಳುತ್ತಿದ್ದರು. ಹುಲಿಗೆಪ್ಪನ ಮಗ ಅಮರಪ್ಪ. ಅವನ ಹೊತ್ತಿಗೆ ಮನೆಯ ಬಂದೂಕು ಸರಕಾರಕ್ಕೆ ಹೋಗಿತ್ತು. ಅವನು ಕವಣೆ ಹಿಡಿದ. ಜೋಳದ ಹೊಲದ ಮಂಚಿಕೆಯ ಮೇಲೆ ನಿಂತು ಇಂಥ ತೆನೆಯ ಮೇಲಿನ ಇಂಥ ಗಿಳಿ ಎಂದು ಹೇಳಿ ಹೊಡೆಯುತ್ತಿದ್ದ.

ಈ ಮೂವರ ಹೊಡೆತವನ್ನು ಯಾರೂ ಎಣಿಸಿ ಬರೆದಿಡಲಿಲ್ಲ. ಬಾಯಿಂದ ಬಾಯಿಗೆ ಬಂದದ್ದಷ್ಟೇ ಉಳಿಯಿತು. ನಾಲ್ಕನೆಯವನಾದ ತಾಯಪ್ಪನ ಹೊಡೆತವನ್ನು ಎಣಿಸಿದರು, ಬರೆದರು, ಮೊಹರು ಒತ್ತಿದರು. ಹತ್ತರಲ್ಲಿ ಸೊನ್ನೆ ಎಂದು. ಆ ಸೊನ್ನೆ ಹೇಗೆ ಬಂತೆಂಬುದನ್ನು ನಾನು ಬರೆಯದಿದ್ದರೆ ಬೇರೆ ಯಾರೂ ಬರೆಯುವುದಿಲ್ಲ.

ತಾಯಪ್ಪ ಇಪ್ಪತ್ತೆಂಟನೆಯ ವಯಸ್ಸಿಗೆ ರಾಯಚೂರಿನಲ್ಲಿ ಬಂದೂಕಿನ ಪಡೆಯೊಂದಕ್ಕೆ ಸೇರಿದ. ಯಾವ ಪಡೆ ಎಂದು ಹೆಸರು ಹಾಕುವುದಿಲ್ಲ. ಖಾಕಿ ತೊಡುತ್ತಿದ್ದೆವು, ಸರಕಾರದ ಅನ್ನ ತಿನ್ನುತ್ತಿದ್ದೆವು, ಅಷ್ಟು ಸಾಕು. ನಾನು ಅವನಿಗಿಂತ ನಾಲ್ಕು ವರ್ಷ ಮೊದಲೇ ಸೇರಿದವನು. ನಮ್ಮಲ್ಲಿ ವರ್ಷಕ್ಕೊಮ್ಮೆ ಗುರಿ ಹೊಡೆಯುವ ದಿನ ಬರುತ್ತದೆ. ಯರಗೇರಾ ದಾಟಿ ಲಾರಿಯಲ್ಲಿ ಹೋಗಿ, ಗುಡ್ಡದ ಬುಡದಲ್ಲಿ ಇಳಿದು, ಆಳಿಗೆ ಇಷ್ಟು ಎಂದು ಗುಂಡು ಹೊಡೆದು, ಖಾಲಿ ಕೋಶ ಆರಿಸಿ ಎಣಿಸಿ ಒಪ್ಪಿಸಿ ಬರುವುದು. ಬಹಳ ಮಂದಿಗೆ ಅದು ಉಪ್ಪಿಟ್ಟು ತಿನ್ನುವ ದಿನ. ತಾಯಪ್ಪನಿಗೆ ಮಾತ್ರ ಹಬ್ಬ.

ದುರ್ಬೀನು ಹಚ್ಚಿದ ರೈಫಲ್ಲಿನಿಂದ ಹೊಡೆಯುವುದು ಕನ್ನಡಕ ಹಾಕಿಕೊಂಡು ಪೇಪರು ಓದಿದಂತೆ. ನಮ್ಮವಕ್ಕೆ ದುರ್ಬೀನು ಇಲ್ಲ. ಹಿಂದೆ ಒಂದು ಕಬ್ಬಿಣದ ಕಿಂಡಿ, ಮುಂದೆ ನಳಿಗೆಯ ತುದಿಗೆ ಒಂದು ಕಬ್ಬಿಣದ ಕಡ್ಡಿ. ಹಳೆಯ ಹವಾಲ್ದಾರರು ಆ ಕಡ್ಡಿಗೆ ಮಖ್ಖಿ ಅನ್ನುತ್ತಿದ್ದರು, ನೊಣ ಕೂತಂತೆ ಕಾಣುತ್ತದೆಂದು. ಕಿಂಡಿಯ ನಡುವೆ ಮಖ್ಖಿ ಕೂರಬೇಕು, ಮಖ್ಖಿಯ ತಲೆಯ ಮೇಲೆ ಗುರಿ ಕೂರಬೇಕು. ಕಣ್ಣು ಒಂದು, ದೂರ ಮೂರು. ಮೂರನ್ನೂ ಒಟ್ಟಿಗೆ ಸ್ಪಷ್ಟ ಕಾಣುವ ಕಣ್ಣನ್ನು ದೇವರು ಯಾರಿಗೂ ಕೊಟ್ಟಿಲ್ಲ.

ತಾಯಪ್ಪ ಇದನ್ನು ಹೊಸಬರಿಗೆ ಹೇಳಿಕೊಡುತ್ತಿದ್ದ ರೀತಿಯೇ ಬೇರೆ. "ಗುರಿ ನೋಡಬ್ಯಾಡಲೇ. ಅದೇನು ನಿನ್ನ ಹೆಂಡ್ತಿ ಏನು, ಬಿಟ್ಟು ಓಡಿ ಹೋಗಾಕ? ಅದು ಅಲ್ಲೇ ಇರ್ತದ. ಮಖ್ಖಿ ನೋಡು. ಗುರಿ ಮಬ್ಬಾದ್ರ ಆಗಲಿ. ಕಿಂಡಿನಂತೂ ನೋಡಲೇಬ್ಯಾಡ, ಕಿಂಡಿಯಾಗಿಂದ ನೋಡು." ಉಸಿರು ಅರ್ಧ ಬಿಟ್ಟು ಹಿಡಿಯಬೇಕು. ಕುದುರೆಯನ್ನು, ಅಂದರೆ ಬೆರಳಿಟ್ಟು ಎಳೆಯುವ ಕೊಕ್ಕೆಯನ್ನು, ಜಗ್ಗಬಾರದು, ಆಡಿನ ಮೊಲೆ ಹಿಂಡಿದ ಹಾಗೆ ಮೆಲ್ಲಗೆ ಹಿಂಡಬೇಕು, ಯಾವಾಗ ಸಿಡಿಯಿತೆಂದು ಹೊಡೆದವನಿಗೇ ಗೊತ್ತಾಗಬಾರದು. ಬಿಸಿಲು ಬಲದಿಂದ ಬಿದ್ದರೆ ಮಖ್ಖಿಯ ಬಲ ಅಂಚು ಹೊಳೆದು ಕಣ್ಣಿಗೆ ಮೋಸ ಮಾಡುತ್ತದೆ. ಅದಕ್ಕೆ ಅವನು ಕಿಸೆಯಲ್ಲಿ ಕರ್ಪೂರ ಇಟ್ಟುಕೊಂಡಿರುತ್ತಿದ್ದ. ಹಚ್ಚಿ, ಹೊಗೆ ಹಿಡಿಸಿ, ಮಖ್ಖಿಯನ್ನು ಕರ್ರಗೆ ಮಾಡುತ್ತಿದ್ದ. "ಆರತಿ ಆತೇನು, ಪೂಜಾರಿ?" ಎಂದು ನಾವು ನಗುತ್ತಿದ್ದೆವು. "ಪ್ರಸಾದ ನೂರು ಗಜದ ಮ್ಯಾಲ ಸಿಗತದ, ತಡೀರಿ" ಅನ್ನುತ್ತಿದ್ದ.

ಅವನ ರೈಫಲ್ಲಿನ ನಂಬರು ಅರವತ್ತೊಂದು. ಅದನ್ನು ಬೇರೆ ಯಾರೂ ಕೇಳುತ್ತಿರಲಿಲ್ಲ. ಕೈಗೆ ಬಂದವರೆಲ್ಲ ಗುರಿ ತಪ್ಪಿ, ಅದು ದರಿದ್ರದ ಕೋಲು ಎಂದು ಬೈದು ಇಟ್ಟಿದ್ದರು. ತಾಯಪ್ಪ ಮಾತ್ರ ಅದರಲ್ಲೇ ಹತ್ತಕ್ಕೆ ಹತ್ತು ಹೊಡೆಯುತ್ತಿದ್ದ. ನಮಗೆಲ್ಲ ಅದೊಂದು ಪವಾಡ. ಪವಾಡದ ಗುಟ್ಟನ್ನು ಅವನು ನನಗೊಬ್ಬನಿಗೆ ಹೇಳಿದ್ದ, ಅದೂ ಇಪ್ಪತ್ತು ವರ್ಷ ಕಳೆದ ಮೇಲೆ.

ಯಾವುದೋ ಗಲಾಟೆಯ ಬಂದೋಬಸ್ತಿಗೆ ಹೋದಾಗ ಆ ರೈಫಲ್ಲು ಲಾರಿಯಿಂದ ಬಿದ್ದಿತ್ತು. ಹಿಂದಿನ ಕಿಂಡಿ ಒಂದು ಅಕ್ಕಿಕಾಳಿನ ದಪ್ಪದಷ್ಟು ಸರಿದಿತ್ತು. ಕೈಯಲ್ಲಿ ಅಕ್ಕಿಕಾಳು, ನೂರು ಗಜದ ಮೇಲೆ ಒಂದು ಗೇಣು. ಗುಂಡು ಗೇಣು ಎಡಕ್ಕೆ ಹೋಗುತ್ತಿತ್ತು. ಇನ್ನೂರು ಗಜಕ್ಕೆ ಎರಡು ಗೇಣು. ತಾಯಪ್ಪ ಅದನ್ನು ಮೊದಲ ವರ್ಷವೇ ಕಂಡುಕೊಂಡ. ಬಂದೂಕು ಇಡುವ ಕೋಣೆಗೆ ನಾವು ಕೋತು ಅನ್ನುತ್ತೇವೆ. ಕೋತಿನವನಿಗೆ ಒಂದು ಮಾತು ಹೇಳಿದ್ದರೆ ಎರಡು ತಿರುಪು ತಿರುಗಿಸಿ ಸರಿಮಾಡುತ್ತಿದ್ದ. ತಾಯಪ್ಪ ಹೇಳಲಿಲ್ಲ. ಗುರಿಯ ನಡುವಿನಿಂದ ಗೇಣು ಬಲಕ್ಕೆ, ಇಲ್ಲದ ಜಾಗಕ್ಕೆ, ಮಖ್ಖಿ ಹಿಡಿದು ಹೊಡೆಯುವುದನ್ನು ಕಲಿತ.

"ಯಾಕ ಹೇಳಲಿಲ್ಲಲೇ?" ಎಂದು ಕೇಳಿದೆ.

"ಅದರ ಕುದುರಿ ಭಾಳ ಸವಿ ಅದ ವಿರೂಪಣ್ಣ. ಅಂಥದು ಇಡೀ ಕೋತಿನ್ಯಾಗ ಇಲ್ಲ. ಸರಿ ಮಾಡಿಸಿದ್ರ ಸಾಹೇಬರ ಬಾಲಬಡಕ ಯಾವನರ ಹೊಡಕೊಂಡು ಹೋಗ್ತಾನ. ಸೊಟ್ಟ ಇದ್ರ ನಂದೇ."

ಹೇಳಿ ನಕ್ಕ. ಆ ನಗುವಿನಲ್ಲಿ ಸೊಕ್ಕೂ ಇತ್ತು. ಇಂಥ ಸೊಟ್ಟ ಕೋಲಿನಲ್ಲಿ ಹೊಡೆಯಬಲ್ಲವನು ತಾನೊಬ್ಬನೇ ಎಂಬ ಸೊಕ್ಕು. ಹಳೆಯ ಕೋತಿನವನೂ ಅದಕ್ಕೆ ತಕ್ಕವನೇ ಇದ್ದ, ವರ್ಷವರ್ಷ ರೈಫಲ್ಲುಗಳ ತಪಾಸಣೆಯನ್ನು ಕುರ್ಚಿಯಲ್ಲಿ ಕೂತೇ ಮುಗಿಸಿ 'ಎಲ್ಲ ಸರಿ' ಎಂದು ಬರೆಯುತ್ತಿದ್ದ. ಹೀಗೆ ಒಬ್ಬನ ಸೋಮಾರಿತನ, ಇನ್ನೊಬ್ಬನ ಗುಟ್ಟು ಕೂಡಿ ಇಪ್ಪತ್ತೇಳು ವರ್ಷ ಸಂಸಾರ ಮಾಡಿದವು.

ಕೊರೋನಾ ಹೋದ ಮರುವರ್ಷ ನಮ್ಮಲ್ಲಿ ಒಂದು ಜಾಗ ಖಾಲಿಯಾಯಿತು. ಹೊಸದಾಗಿ ಸೇರಿದವರಿಗೆ ಗುರಿ ಕಲಿಸುವ ಉಸ್ತಾದನ ಜಾಗ. ಅಧಿಕಾರಿಗಳು ಈ ಸಲ ಶಿಫಾರಸು ಬೇಡ, ಮೈದಾನದಲ್ಲಿ ಪರೀಕ್ಷೆ ಮಾಡುತ್ತೇವೆ ಅಂದರು. ನೂರು ಗಜದಿಂದ ಐದು ಗುಂಡು, ಇನ್ನೂರು ಗಜದಿಂದ ಐದು. ಹೆಚ್ಚು ಹೊಡೆದವನೇ ಉಸ್ತಾದ. ತಾಯಪ್ಪನಿಗೆ ಆಗ ಐವತ್ತಾರು. ಸರ್ವೀಸು ಉಳಿದದ್ದು ನಾಲ್ಕು ವರ್ಷ. ಅಲ್ಲಿಯವರೆಗೆ ಅವನನ್ನು ಎಲ್ಲೆಲ್ಲಿ ನಿಲ್ಲಿಸಿದ್ದರು ಎಂದರೆ, ಬ್ಯಾಂಕಿನ ಬಾಗಿಲು, ಮತಪೆಟ್ಟಿಗೆಯ ಕೋಣೆ, ಸಾಹೇಬರ ಬಂಗಲೆಯ ಗೇಟು. ಅಂಥ ಕೈಯನ್ನು ಗೇಟು ತೆಗೆಯಲು ಇಟ್ಟಿದ್ದರು. ಆ ಜಾಗ ಸಿಕ್ಕರೆ ತನಗೆ ಗೊತ್ತಿದ್ದುದನ್ನು ನಾಲ್ಕು ವರ್ಷ ಕಲಿಸಿ ಹೋಗಬಹುದು ಎಂಬ ಆಸೆ ಅವನಿಗೆ. ಅವನು ಹೊರಗೆ ಆಡಿದವನಲ್ಲ. ಅವನ ಹೆಂಡತಿ ಗದ್ದೆಮ್ಮ ನನಗೆ ಹೇಳಿದಳು: "ಅಣ್ಣಾರ, ಮನುಷ್ಯ ನಿದ್ದಿಯಾಗ ಬೆರಳು ಮಡಚಾಕತ್ತಾನ. ನನ್ನ ಕಿವಿ ಹಿಡದು ಹಿಂಡಿದಾನ ಮೊನ್ನೆ. ಆಡಿನ ಮೊಲಿ ಅಂತ."

ಆ ಹೊತ್ತಿಗೆ ಕೋತಿಗೆ ಹೊಸಬ ಬಂದು ನಾಲ್ಕು ತಿಂಗಳಾಗಿತ್ತು. ಹೆಸರು ಗುಡುಸಾಬ, ಮಾನ್ವಿಯವನು, ಮೂವತ್ತೈದರ ಆಸುಪಾಸು. ಇವನು ಕೂತು ಬರೆಯುವವನಲ್ಲ. ಒಂದೊಂದೇ ರೈಫಲ್ಲು ಬಿಚ್ಚಿ, ಎಣ್ಣೆ ಹಾಕಿ, ಹೊಡೆದು ನೋಡುವವನು. ತಾಯಪ್ಪನನ್ನು ಕಾಕಾ ಎಂದು ಕರೆಯುತ್ತಿದ್ದ, ಮನಸ್ಸಿನಿಂದಲೇ ಕರೆಯುತ್ತಿದ್ದ. ಪರೀಕ್ಷೆಯ ಹಿಂದಿನ ದಿನ ಅರವತ್ತೊಂದರ ಸರದಿ ಬಂತು. ಬಂತೋ, ಅವನೇ ತಂದುಕೊಂಡನೋ. ಮೂರು ಗುಂಡು ಹೊಡೆದು ನೋಡಿದ. ಮೂರೂ ಗೇಣು ಎಡಕ್ಕೆ. ಅಯ್ಯೋ, ಕಾಕಾ ಇಷ್ಟು ವರ್ಷ ಇದನ್ನು ಕಟ್ಟಿಕೊಂಡು ಹೆಣಗಿದನಲ್ಲ, ನಾಳೆ ಒಂದು ದಿನವಾದರೂ ಅವನ ಕೈಗೆ ನೆಟ್ಟಗಿನದು ಸಿಗಲಿ ಎಂದು ಕಿಂಡಿಯ ಒಂದು ಬದಿಯ ತಿರುಪು ಸಡಿಲಿಸಿ, ಇನ್ನೊಂದು ಬದಿಯದು ಬಿಗಿದು, ಮತ್ತೆ ಹೊಡೆದ. ನಟ್ಟನಡುವೆ ಬಿತ್ತು. ತಾಯಪ್ಪನಿಗೆ ಹೇಳಲಿಲ್ಲ. ಆ ರೈಫಲ್ಲನ್ನು ಯಾರು ಮುಟ್ಟಿದರೂ ತಾಯಪ್ಪ ಸಿಟ್ಟಿಗೇಳುತ್ತಾನೆಂದು ಇಡೀ ಪಡೆಗೆ ಗೊತ್ತಿತ್ತು. ಹೊಡೆದ ಮೇಲೆ ತಾನೇ ತಿಳಿದು ಖುಷಿಪಡಲಿ ಎಂದುಕೊಂಡ.

ಮಾರನೆಯ ಮುಂಜಾನೆ ನನ್ನನ್ನು ಗುರಿಯ ಕೆಳಗಿನ ಕಂದಕಕ್ಕೆ ಹಾಕಿದ್ದರು. ಹೊಡೆದ ಮೇಲೆ ಆಳಿನ ಚಿತ್ರ ಬರೆದ ಹಲಗೆಯನ್ನು ಇಳಿಸಿ ನೋಡಬೇಕು. ಚಿತ್ರಕ್ಕೆ ಬಿದ್ದಿದ್ದರೆ ಬಿದ್ದಷ್ಟು ಸಲ ಬಿಳಿ ಬಾವುಟ, ಬೀಳದಿದ್ದರೆ ಕೆಂಪು ಬಾವುಟ. ತಪ್ಪಿದ್ದು ಯಾವ ಕಡೆಗೆಂದು ಪರೀಕ್ಷೆಯಲ್ಲಿ ತೋರಿಸುವಂತಿಲ್ಲ, ಕೂಗುವಂತಿಲ್ಲ. ತೂತಿಗೆ ಕಾಗದ ಅಂಟಿಸಿ, ಹಲಗೆಯನ್ನು ಮತ್ತೆ ಏರಿಸಬೇಕು.

ಇಬ್ಬರು ಹೊಡೆದು ಹೋದರು. ಮೂರನೆಯವನು ತಾಯಪ್ಪ. ಐದು ಗುಂಡಿನ ಸದ್ದು ಕೇಳಿತು, ಒಂದೊಂದರ ನಡುವೆ ಒಂದೇ ಅಂತರ. ಆ ಸದ್ದಿನಲ್ಲೇ ನನಗೆ ಅವನ ಉಸಿರು ಗೊತ್ತಾಗುತ್ತಿತ್ತು. ನಗುತ್ತಲೇ ಹಲಗೆ ಇಳಿಸಿದೆ.

ಚಿತ್ರದ ಮೇಲೆ ಒಂದೂ ಇರಲಿಲ್ಲ. ಚಿತ್ರದ ಹೊರಗೆ, ನಡುವಿನಿಂದ ಗೇಣು ಬಲಕ್ಕೆ, ಐದು ತೂತು. ಐದೂ ನನ್ನ ಅಂಗೈಯಡಿ ಮುಚ್ಚಿಹೋಗುವಷ್ಟು ಹತ್ತಿರ. ಮೂವತ್ತೆರಡು ವರ್ಷದ ನೌಕರಿಯಲ್ಲಿ ಅಷ್ಟು ಚೆಂದದ ಐದು ತೂತುಗಳನ್ನು ನಾನು ನೋಡಿರಲಿಲ್ಲ. ಅವುಗಳ ಬೆಲೆ ಸೊನ್ನೆ.

ನಾನು ಕೆಂಪು ಬಾವುಟ ಎತ್ತಿದೆ. ಅಂಟು ಹಚ್ಚಿ ಐದು ತೂತನ್ನೂ ಮುಚ್ಚಿದೆ. ಕಾನೂನು ಹಾಗಿತ್ತು, ಮುಚ್ಚಿದೆ. ಆಗ ನನಗೆ ಗುಡುಸಾಬ ಮಾಡಿದ್ದು ಗೊತ್ತಿರಲಿಲ್ಲ. ಗೊತ್ತಿಲ್ಲದಿದ್ದರೂ ಆ ಹಲಗೆಯನ್ನು ಹೊತ್ತುಕೊಂಡು ಹೋಗಿ ಸಾಹೇಬರ ಮುಂದೆ ಇಡಬೇಕಿತ್ತು. ನಿವೃತ್ತಿಗೆ ಎರಡು ತಿಂಗಳಿತ್ತು ನನಗೆ. ಎರಡು ತಿಂಗಳ ಹೆದರಿಕೆ ಎಂಥದೆಂದು ಅನುಭವಿಸಿದವರಿಗೇ ಗೊತ್ತು.

ಆ ಕಡೆ ತಾಯಪ್ಪ ಕೆಂಪು ಬಾವುಟ ನೋಡಿದ. ನೂರು ಗಜದಿಂದ ತೂತು ಕಣ್ಣಿಗೆ ಕಾಣುವುದಿಲ್ಲ. ಹಿಂದಿನ ರಾತ್ರಿ ಮಳೆ ಬಿದ್ದು ಮಣ್ಣಿನ ದಿಬ್ಬ ತೊಯ್ದಿತ್ತು, ಧೂಳೂ ಏಳಲಿಲ್ಲ. ಎತ್ತ ತಪ್ಪಿತೆಂದು ತಿಳಿಯುವ ದಾರಿಯೇ ಇರಲಿಲ್ಲ. ಇಪ್ಪತ್ತೇಳು ವರ್ಷ ಎಡಕ್ಕೆ ಜಗ್ಗಿದ ರೈಫಲ್ಲು. ಅದು ಇನ್ನಷ್ಟು ಎಡಕ್ಕೆ ಜಗ್ಗಿದೆ ಎಂದೇ ಅವನು ತಿಳಿದ. ಬೇರೆ ಏನು ತಿಳಿಯಬೇಕಿತ್ತು? ಕಿಂಡಿಯನ್ನು ನೋಡಬೇಡ ಎಂದು ಊರಿಗೆಲ್ಲ ಹೇಳಿಕೊಟ್ಟವನು ತಾನೂ ಕಿಂಡಿಯನ್ನು ನೋಡಲಿಲ್ಲ. ಇನ್ನೂರು ಗಜದಿಂದ ಎರಡು ಗೇಣಿನ ಬದಲು ಮೂರು ಗೇಣು ಬಲಕ್ಕೆ ಹಿಡಿದ. ಐದೂ ಗುಂಡು ಹಲಗೆಯ ಅಂಚಿನ ಆಚೆ ಹಾದು ಒದ್ದೆ ಮಣ್ಣಿಗೆ ಹೋದವು. ಪಚಕ್ ಪಚಕ್ ಎಂದು ನನ್ನ ತಲೆಯ ಮೇಲೆ ಸದ್ದು. ಮತ್ತೆ ಕೆಂಪು ಬಾವುಟ.

"ತಾಯಪ್ಪಾ, ಮೊಮ್ಮಕ್ಕಳನ್ನ ಆಡಿಸೋ ವಯಸ್ಸಲ್ಲವೇನಪ್ಪ ಇದು? ಬಂದೂಕು ಯಾಕೆ ಬೇಕಿತ್ತು?" ಅಂದರು ಸಾಹೇಬರು. ಸಾಹೇಬರು ನಕ್ಕ ಮೇಲೆ ಸಾಲಿನಲ್ಲಿ ನಿಂತವರೂ ನಗಲೇಬೇಕಲ್ಲ. ಯಾರೋ ಒಬ್ಬ, "ಪೂಜಾರಿ, ಇವತ್ತು ಕರ್ಪೂರ ಕಲಬೆರಕಿ ಇತ್ತೇನು?" ಅಂದ. ತಾಯಪ್ಪ ಬಗ್ಗಿ ಖಾಲಿ ಕೋಶ ಆರಿಸತೊಡಗಿದ. ರೈಫಲ್ಲಿನಲ್ಲಿ ಏನಾದರೂ ದೋಷವೋ ಎಂದು ಸಾಹೇಬರು ಗುಡುಸಾಬನನ್ನು ಕೇಳಿದರು. ಅವನು ಇದ್ದದ್ದನ್ನೇ ಹೇಳಿದ: "ಇಲ್ಲ ಸಾಹೇಬ್ರ. ನಿನ್ನೆ ನಾನೇ ಹೊಡದು ನೋಡೀನಿ. ನಟ್ಟನಡುವ ಬೀಳತದ."

ಆ ಒಂದು ನಿಜ ತಾಯಪ್ಪನನ್ನು ಮುಗಿಸಿತು. ರೈಫಲ್ಲು ಸರಿಯಿದ್ದರೆ ಕಣ್ಣು ಕೆಟ್ಟಿರಬೇಕು. ಗುಡುಸಾಬನೂ ಹಾಗೇ ನಂಬಿದ. ನೆಟ್ಟಗೆ ಮಾಡಿಕೊಟ್ಟರೂ ಕಾಕಾ ತಪ್ಪಿದನಲ್ಲ, ಪಾಪ, ಕಣ್ಣು ಹೋಗಿವೆ ಎಂದು ಗೋಡೆಯ ಕಡೆ ಮುಖ ಮಾಡಿ ಅತ್ತನಂತೆ. ಹತ್ತರಲ್ಲಿ ಆರು ಹೊಡೆದವನೊಬ್ಬ ಉಸ್ತಾದನಾದ.

ಕಂದಕದಿಂದ ಎದ್ದು ಬಂದ ಮೇಲೆ ನಾನು ತಾಯಪ್ಪನಿಗೆ ಕಂಡದ್ದನ್ನು ಹೇಳಿದೆ. ಗೇಣು ಬಲಕ್ಕೆ, ಒಂದೇ ಅಂಗೈಯಲ್ಲಿ ಐದು. ಅವನು ರೈಫಲ್ಲನ್ನು ತೊಡೆಯ ಮೇಲೆ ಇಟ್ಟುಕೊಂಡು ಕಿಂಡಿಯನ್ನು ನೋಡಿದ. ತಿರುಪಿನ ತಲೆಯ ಮೇಲೆ ಹೊಸದಾಗಿ ಗೀರಿದ ಹೊಳಪು. ಹೆಬ್ಬೆರಳಿನಿಂದ ಅದನ್ನು ಸವರಿದ.

"ನಡಿ, ಸಾಹೇಬರಿಗೆ ತೋರಸೋಣು" ಅಂದೆ.

"ಏನಂತ ತೋರಸಲಿ? ಇದು ಸೊಟ್ಟ ಇದ್ದದ್ದು ಗೊತ್ತಿದ್ದೂ ಇಪ್ಪತ್ತೇಳು ವರ್ಷ ಮುಚ್ಚಿ ಇಟ್ಟಿದ್ದೆ ಅಂತನ? ನೀ ಬಾಯಿ ಮುಚ್ಚು ವಿರೂಪಣ್ಣ. ಬಾಯಿ ಬಿಟ್ಟೆ ಅಂದ್ರ ನಾ ನಿನ್ನ ಮನಿ ಹೊಸ್ತಲ ತುಳಿಯಂಗಿಲ್ಲ."

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದ ಹಾಗೆ, ಅವನನ್ನು ಕಣ್ಣಿನ ಡಾಕ್ಟರ ಬಳಿಗೆ ಕಳಿಸಿದರು. ಗೋಡೆಯ ಮೇಲಿನ ಅಕ್ಷರಗಳನ್ನು ಕೊನೆಯ ಸಾಲಿನವರೆಗೂ ಓದಿದನಂತೆ. ದೂರದ ದೃಷ್ಟಿ ಚೊಕ್ಕ, ಹತ್ತಿರಕ್ಕೆ ಚಾಳೀಸು ಬೇಕು ಎಂದು ಡಾಕ್ಟರು ಬರೆದುಕೊಟ್ಟರು. 'ಚಾಳೀಸು ಬೇಕು' ಎಂಬುದೊಂದನ್ನೇ ಮೇಲಿನವರು ಓದಿದರು. ಬಂದೂಕು ಕಿತ್ತುಕೊಂಡು ಕೋಲು ಕೊಟ್ಟು, ಮಾನ್ವಿಯ ಸರಕಾರಿ ಕಚೇರಿಯೊಂದರ ಕಾವಲಿಗೆ ಹಾಕಿದರು. ಅರವತ್ತೊಂದು ಈಗ ನೆಟ್ಟಗಾಗಿತ್ತಲ್ಲ, ಹೊಸ ಉಸ್ತಾದನ ಕೈಗೆ ಹೋಯಿತು.

ನಾನು ನಿವೃತ್ತನಾಗಿ ಮಾನ್ವಿಯ ಮನೆಗೆ ಬಂದೆ. ಸಂಜೆ ಸಂತೆಗೆ ಹೋಗುವಾಗ ತಾಯಪ್ಪ ಕಬ್ಬಿಣದ ಗೇಟಿನ ಹತ್ತಿರ ಕೋಲು ಹಿಡಿದು ನಿಂತಿರುವುದು ಕಾಣುತ್ತಿತ್ತು. ಬಂದವರ ಸೈಕಲ್ಲು ಮೋಟಾರುಗಳನ್ನು ಅಲ್ಲಿ ನಿಲ್ಲಿಸು, ಇಲ್ಲಿ ನಿಲ್ಲಿಸು ಎಂದು ಕೋಲಿನಿಂದ ತೋರಿಸುತ್ತಿದ್ದ. "ಕಣ್ಣು ಕಾಣದ ಮುದುಕ" ಎಂದು ಹುಡುಗರು ಅನ್ನುತ್ತಿದ್ದರು. ಸುದ್ದಿ ಅವನಿಗಿಂತ ಮೊದಲೇ ಮಾನ್ವಿಗೆ ಬಸ್ಸು ಹತ್ತಿ ಬಂದಿತ್ತು. ಎಂಟು ತಿಂಗಳು ಇದನ್ನು ನೋಡಿದೆ. ಒಂಬತ್ತನೆಯ ತಿಂಗಳು, ಹೊಸ್ತಿಲು ತುಳಿಯದಿದ್ದರೆ ತುಳಿಯದಿರಲಿ ಎಂದು, ರಜೆಗೆ ಊರಿಗೆ ಬಂದಿದ್ದ ಗುಡುಸಾಬನನ್ನು ಕರೆದು ಎಲ್ಲ ಹೇಳಿದೆ.

ಗುಡುಸಾಬ ಕೇಳುತ್ತ ಕೇಳುತ್ತ ಬಿಳಿಚಿಕೊಂಡ. ನಾಲ್ಕು ದಿನದ ಮೇಲೆ ಒಂದು ಕಾಗದ ಬರೆದುಕೊಂಡು ಬಂದ. ಯಾರಿಗೂ ತಿಳಿಸದೆ, ಅಪ್ಪಣೆ ಇಲ್ಲದೆ, ಪರೀಕ್ಷೆಯ ಹಿಂದಿನ ದಿನ ಕಿಂಡಿ ಸರಿಸಿದ್ದು ತಾನು, ತಾಯಪ್ಪನವರಿಗೆ ಇನ್ನೊಮ್ಮೆ ಪರೀಕ್ಷೆ ಕೊಡಬೇಕು ಎಂದು. ಕೆಳಗೆ ಸಹಿ. ನಾನೂ ಸಾಕ್ಷಿ ಎಂದು ಹೆಸರು ಬರೆದೆ. ಹಳೆಯ ಸಾಹೇಬರಿಗೆ ವರ್ಗವಾಗಿತ್ತು. ಹೊಸಬರು, ಕಾಗದ ಬಂದರೆ ಪರೀಕ್ಷೆ ಮಾಡಿಸುತ್ತೇನೆ ಎಂದು ಮಾತು ಕೊಟ್ಟಿದ್ದರು.

ಇಬ್ಬರೂ ಭಾನುವಾರ ಮಧ್ಯಾಹ್ನ ತಾಯಪ್ಪನ ಬಾಡಿಗೆ ಕೋಣೆಗೆ ಹೋದೆವು. ಗದ್ದೆಮ್ಮ ಕಟ್ಟೆಯ ಮೇಲೆ ಮೆಣಸಿನಕಾಯಿ ತೊಟ್ಟು ಬಿಡಿಸುತ್ತಿದ್ದಳು. "ಬರ್ರಿ ಅಣ್ಣಾರ. ಒಳಗ ಅದಾರ ನಿಮ್ಮ ಸರದಾರರು. ಮುವತ್ತು ವರ್ಷ ನನ್ನ ಕೂಡ ಸಂಸಾರ ಮಾಡಿದ್ರು, ಆ ಅರವತ್ತೊಂದರ ಕೂಡ ಆಡಿದಷ್ಟು ಮಾತು ನನ್ನ ಕೂಡ ಆಡಲಿಲ್ಲ. ಈಗ ಅದು ಇನ್ನೊಬ್ಬನ ಕೂಡ ಹೋತು, ಇವರು ಗ್ವಾಡಿ ಕೂಡ ಮಾತಾಡ್ತಾರ" ಅಂದಳು.

ತಾಯಪ್ಪ ಕಾಗದವನ್ನು ತೋಳಿನಷ್ಟು ದೂರ ಹಿಡಿದು ಓದಿದ. ಎರಡು ಸಲ ಓದಿದ. ಗುಡುಸಾಬ ನೆಲಕ್ಕೆ ಕೂತು ಅವನ ಪಾದ ಮುಟ್ಟಲು ಹೋದ.

"ಕಾಕಾ, ನನ್ನ ಕೈ ಕಡದು ಒಗೀರಿ. ನಿಮಗ ಒಳ್ಳೇದಾಗ್ಲಿ ಅಂತ ಮಾಡಿದ್ದೆ."

"ಏಳು. ಕೈ ಕಡದ್ರ ಎಣ್ಣಿ ಯಾರು ಹಾಕಬೇಕು?"

"ಇದು ಕೊಟ್ಟರ ನನಗೇನಾರ ಆಗ್ಲಿ. ಆರು ತಿಂಗಳು ಮನಿಗೆ ಕಳಸ್ತಾರ, ಕಳಸ್ಲಿ. ನಿಮಗ ಪರೀಕ್ಷಾ ಕೊಡ್ತಾರ."

ಗದ್ದೆಮ್ಮ ಬಾಗಿಲಲ್ಲಿ ಬಂದು ನಿಂತಿದ್ದಳು. "ಹೂಂ ಅನ್ರಿ. ಒಂದು ಸಲ ಹೂಂ ಅನ್ರಿ. ಆ ಹುಡುಗರು ನಿಮಗ ಕುರುಡ ಅನ್ನೋದು ಕೇಳಿ ಕೇಳಿ ನನಗ ಸಾಕಾಗ್ಯದ" ಅಂದಳು. ಅವಳ ದನಿಯಲ್ಲಿ ಆಗ ಕುಚೋದ್ಯ ಇರಲಿಲ್ಲ.

ತಾಯಪ್ಪ ಅವಳನ್ನು ನೋಡಿದ, ನನ್ನನ್ನು ನೋಡಿದ. ಕಾಗದವನ್ನು ನಾಲ್ಕು ಮಡಿಕೆ ಮಡಚಿ ಗುಡುಸಾಬನ ಅಂಗಿಯ ಕಿಸೆಗೆ ತುರುಕಿದ.

"ಇದನ್ನ ಮನಿಗೆ ಹೋಗಿ ಒಲಿಗೆ ಹಾಕು. ನೀ ಕೋತಿನ್ಯಾಗ ಕುಂತವ, ಸೊಟ್ಟ ಕಂಡದ್ದು ನೆಟ್ಟಗ ಮಾಡೀದಿ. ಅದು ನಿನ್ನ ಕೆಲಸ. ಮೊದಲಿನವ ಮಾಡಲಿಲ್ಲ, ನೀ ಮಾಡೀದಿ. ಕೆಲಸ ಮಾಡಿದವನ ತಲಿ ಮ್ಯಾಲ ಕಾಲಿಟ್ಟು ನಾ ಉಸ್ತಾದ ಆಗಿ, ಹೊಸಬರಿಗೆ ಏನಂತ ಹೇಳಲಿ? ಬಂದೂಕ ಸೊಟ್ಟ ಇದ್ರ ಯಾರಿಗೂ ಹೇಳಬ್ಯಾಡ್ರಿ ಅಂತ ಕಲಸ್ಲೇನು? ವಿರೂಪಣ್ಣ, ನೀನೂ ಕೇಳು. ಇನ್ನೊಮ್ಮೆ ನನಗ ಯಾರೂ ಸಹಾಯ ಮಾಡಾಕ ಬರಬ್ಯಾಡ್ರಿ. ಒಮ್ಮೆ ಮಾಡೀರಿ, ಸಾಕು. ಚಾ ಕುಡದು ಹೋಗ್ರಿ, ಇನ್ನರ್ಧ ತಾಸಿಗೆ ನಂದು ಗೇಟಿನ ಪಾಳಿ ಅದ."